ಗೋರಿಗೊಂದು ಕಲ್ಲು ನೆಡೋದು ಯಾರ ಕೆಲಸ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ಈ ಹೊತ್ತಿನ ವಿಷಯವನ್ನು ಬೋರ್ಡಿನ ಮೇಲೆ ಬರೆದ ಕೂಡಲೆ ಹಿಂದಿನ ಸಾಲಿನಿಂದ ಒಬ್ಬ ತಮ್ಮ ಎದ್ದು ಕೇಳಿದ: "ಸಾರ್, ಬದುಕಿರೋ ನಮಗೇ ಸ್ಕಾಲರ್‌ಶಿಪ್ ದುಡ್ಡು ಹೊತ್ತಿಗೆ ಸರಿಯಾಗಿ ಬರ್ತಿಲ್ಲ. ಅಂಥಾದ್ರಲ್ಲಿ ಅಮೆರಿಕದ ಸತ್ತ ಸಿಪಾಯಿಗಳ ಗೋರಿ ಕಲ್ಲಿನ ಮಾತು ನಮಗ್ಯಾಕೆ?" ಪ್ರಶ್ನೆ ಚೆನ್ನಾಗಿದೆ. ಆ ತಮ್ಮನಿಗೆ ಉತ್ತರ ಕೊಡೋದೇ ಇವತ್ತಿನ ನನ್ನ ಭಾಷಣ.

ಮೊದಲು ಒಂದು ಮಾತು. ನಮ್ಮ ಊರುಗಳಲ್ಲಿ ಗುಂಡಿ ತೋಡಿದವರು ಯಾರು? ನಾವು. ಸಾವಿನ ಸುದ್ದಿ ಹೊತ್ತು ಊರೂರು ನಡೆದವರು ಯಾರು? ನಾವು. ಹೆಣದ ಮುಂದೆ ತಮಟೆ ಬಡಿದವರು ಯಾರು? ನಾವು. ಊರಿನ ಸಾವಿನ ಚಾಕರಿಯನ್ನೆಲ್ಲ ಬಿಟ್ಟಿಯಾಗಿ ಮಾಡಿದ ಜನ, ತಮ್ಮ ಮನೆಯಲ್ಲಿ ಸಾವಾದಾಗ ಹೆಣ ಹೊತ್ತುಕೊಂಡು ಹಳ್ಳದ ದಂಡೆ, ರಸ್ತೆಯ ಬದಿ ಹುಡುಕಬೇಕು. ಈ ಅನುಭವ ನಿಮ್ಮಲ್ಲಿ ಎಷ್ಟು ಜನಕ್ಕಿಲ್ಲ ಹೇಳಿ? ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಅಮೆರಿಕದ ಕಡೆ ನೋಡೋಣ.

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಗೆಟ್ಟಿಸ್‌ಬರ್ಗ್ ಅಂತ ಒಂದು ಸಣ್ಣ ಊರು. 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ದೊಡ್ಡ ಕದನ ನಡೆಯಿತು. ಗುಲಾಮಗಿರಿ ಉಳಿಯಬೇಕು ಅನ್ನೋ ದಕ್ಷಿಣದ ದಂಡು ಒಂದು ಕಡೆ, ಒಕ್ಕೂಟದ ದಂಡು ಇನ್ನೊಂದು ಕಡೆ. ದಕ್ಷಿಣದ ದಂಡು ಬರುತ್ತಿದೆ ಅಂತ ಗೊತ್ತಾದಾಗ ಆ ಊರಿನ ಕಪ್ಪು ಜನ ಮನೆಮಠ ಬಿಟ್ಟು ಓಡಬೇಕಾಯಿತು. ಯಾಕೆಂದರೆ ಸಿಕ್ಕಿದ ಕಪ್ಪು ಜನರನ್ನು ಹಿಡಿದು ದಕ್ಷಿಣಕ್ಕೆ ಸಾಗಿಸುತ್ತಿದ್ದರು. ಸ್ವತಂತ್ರವಾಗಿ ಹುಟ್ಟಿದವರನ್ನೂ ಬಿಡುತ್ತಿರಲಿಲ್ಲ.

ಕದನ ಮುಗಿದ ಮೇಲೆ ಹೊಲದ ತುಂಬ ಹೆಣ. ಅವಸರದಲ್ಲಿ ಮೇಲುಮೇಲೆ ಮಣ್ಣು ಎಳೆದಿದ್ದರು. ಆಮೇಲೆ ಒಕ್ಕೂಟದ ಸೈನಿಕರಿಗೆ ಒಂದು ಮರ್ಯಾದೆಯ ಸ್ಮಶಾನ ಆಗಬೇಕು ಅಂತ ತೀರ್ಮಾನವಾಯಿತು. 1863ರ ನವೆಂಬರ್ 19ರಂದು ಲಿಂಕನ್ ಬಂದು ಭಾಷಣ ಮಾಡಿದ್ದು ಅಲ್ಲೇ. ಆ ಭಾಷಣ ನಿಮ್ಮ ಪಠ್ಯದಲ್ಲಿ ಬಂದಿರಬಹುದು. ಆದರೆ ಆ ಹೆಣಗಳನ್ನು ಹೊಲದಿಂದ ಅಗೆದು ತೆಗೆದವರು ಯಾರು ಅಂತ ಪಠ್ಯ ಹೇಳೋದಿಲ್ಲ. ಬೇಸಿಲ್ ಬಿಗ್ಸ್ ಅನ್ನೋ ಕಪ್ಪು ರೈತ ಮತ್ತು ಅವನ ಜೊತೆಯ ಕಪ್ಪು ಕೂಲಿಗಳು. ಮೂರು ಸಾವಿರಕ್ಕೂ ಹೆಚ್ಚು ಹೆಣಗಳನ್ನು ಅಗೆದು, ಪೆಟ್ಟಿಗೆಗೆ ಹಾಕಿ, ಹೊಸ ಸ್ಮಶಾನಕ್ಕೆ ಸಾಗಿಸಿದರು. ಬಿಗ್ಸ್ ತೀರಿಕೊಂಡ ಮೇಲೆ ಅವನನ್ನು ಮಣ್ಣು ಮಾಡಿದ್ದು ಎಲ್ಲಿ? ಊರಿನ ಕಪ್ಪು ಜನ 1867ರಲ್ಲಿ ತಾವೇ ಸಂಘ ಕಟ್ಟಿಕೊಂಡು ಮಾಡಿಕೊಂಡ ಸ್ಮಶಾನದಲ್ಲಿ. ಈಗ ಅದಕ್ಕೆ ಲಿಂಕನ್ ಸ್ಮಶಾನ ಅಂತ ಹೆಸರು. ಅದೇ ಯುದ್ಧದಲ್ಲಿ ಬಂದೂಕು ಹಿಡಿದ ಸುಮಾರು ಮೂವತ್ತು ಕಪ್ಪು ಸೈನಿಕರ ಗೋರಿಗಳಿರೋದೂ ಅಲ್ಲೇ.

ಗೆಳೆಯರೆ, ಊರು ಬೇರೆ, ಭಾಷೆ ಬೇರೆ. ಆದರೆ ಕೇರಿ ಗುರುತು ಸಿಕ್ಕಿತಲ್ಲವೆ?

ಆ ಯುದ್ಧದಲ್ಲಿ ಸುಮಾರು 1,79,000 ಕಪ್ಪು ಜನ ಸೈನ್ಯ ಸೇರಿದರು, ನೌಕಾಪಡೆಯಲ್ಲಿ ಇನ್ನೂ ಸುಮಾರು 19,000. ಹೆಚ್ಚು ಕಡಿಮೆ 40,000 ಜನ ಸತ್ತರು. ಅವರಲ್ಲಿ ಬಹುಪಾಲು ಗುಂಡೇಟಿಗಲ್ಲ, ರೋಗಕ್ಕೆ ಸತ್ತರು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಯ ಬಾಬ್ತು 3 ಹಿಡಿದು ಕೈಗೆ 7. ಮಸಾಚುಸೆಟ್ಸ್‌ನ 54ನೇ ಪಡೆಯವರು "ಸಮ ಸಂಬಳ ಕೊಡೋ ತನಕ ಈ ದುಡ್ಡು ಬೇಡ" ಅಂತ ಸಂಬಳ ಮುಟ್ಟದೆ ಹೋರಾಡಿದರು. 1864ರ ಜೂನ್‌ನಲ್ಲಿ ಕಾನೂನು ಬದಲಾಯಿತು. ಬೇಡದೆ ಬರಲಿಲ್ಲ, ಬಿಗಿ ಹಿಡಿದದ್ದಕ್ಕೆ ಬಂತು.

ಇನ್ನು ಕಲ್ಲಿನ ವಿಚಾರ. ಅಮೆರಿಕದಲ್ಲಿ ಸೈನಿಕರ ಗೋರಿಗೆ ಕಲ್ಲು ಕೊಡೋ ಜವಾಬ್ದಾರಿ ಎರಡು ಹೆಗಲ ಮೇಲೆ ಇದೆ. ಕಲ್ಲು ಕೊಡೋದು ಕೇಂದ್ರ ಸರ್ಕಾರ. 1873ರಲ್ಲಿ ರಾಷ್ಟ್ರೀಯ ಸ್ಮಶಾನಗಳ ಗೋರಿಕಲ್ಲಿಗೆ ಒಂದು ಮಾದರಿ ಗೊತ್ತು ಮಾಡಿದರು. 1879ರಲ್ಲಿ ಊರೂರಿನ ಖಾಸಗಿ ಸ್ಮಶಾನಗಳಲ್ಲಿ ಗುರುತಿಲ್ಲದೆ ಮಲಗಿರೋ ಮಾಜಿ ಸೈನಿಕರಿಗೂ ಸರ್ಕಾರದ ಕಲ್ಲು ಸಿಗಬೇಕು ಅಂತ ಕಾನೂನಾಯಿತು. ಆದರೆ ಯಾವ ಊರಿನಲ್ಲಿ, ಯಾವ ಮರದ ಕೆಳಗೆ ಯಾರು ಮಲಗಿದ್ದಾರೆ ಅಂತ ವಾಷಿಂಗ್ಟನ್ನಿನಲ್ಲಿ ಕೂತ ಗುಮಾಸ್ತನಿಗೆ ಏನು ಗೊತ್ತು? ಅದು ಊರಿಗೆ ಹತ್ತಿರ ಇರೋ ಆಡಳಿತಕ್ಕೆ ಮಾತ್ರ ಗೊತ್ತಾಗೋ ಸಂಗತಿ. ಆದ್ದರಿಂದ ಹಲವು ರಾಜ್ಯಗಳು ಆ ಕೆಲಸವನ್ನು ಕೌಂಟಿಗಳ ಮೇಲೆ ಹೊರಿಸಿದವು. ಕೌಂಟಿ ಅಂದರೆ ನಮ್ಮ ಜಿಲ್ಲೆ, ತಾಲ್ಲೂಕಿನಂಥ ಸ್ಥಳೀಯ ಆಡಳಿತ. ಜನ ಆರಿಸಿದ ಕಮಿಷನರುಗಳು ಅದನ್ನು ನಡೆಸ್ತಾರೆ.

ಪೆನ್ಸಿಲ್ವೇನಿಯದ ಕಾನೂನನ್ನೇ ತಗೊಳ್ಳಿ. ಅಲ್ಲಿನ ಕೌಂಟಿ ಕಮಿಷನರುಗಳ ಕೆಲಸಗಳಲ್ಲಿ ಇವೂ ಸೇರಿವೆ: ಕೌಂಟಿಯೊಳಗೆ ಮಲಗಿರೋ ಸೈನಿಕರು ಎಲ್ಲೆಲ್ಲಿದ್ದಾರೆ ಅನ್ನೋ ದಾಖಲೆ ಇಡಬೇಕು. ಗೋರಿಗೆ ಗುರುತಿನ ಬಿಲ್ಲೆ ಕೊಡಬೇಕು. ಪ್ರತಿ ವರ್ಷ ಮೇ ತಿಂಗಳ ಸ್ಮಾರಕ ದಿನಕ್ಕೆ ಆ ಗೋರಿಗಳಿಗೆಲ್ಲ ಬಾವುಟ ಒದಗಿಸಬೇಕು. ಮಣ್ಣಿನ ಖರ್ಚಿಗೆ ಕೌಂಟಿ ಖಜಾನೆಯಿಂದ ಒಂದಿಷ್ಟು ಸೇರಿಸಬೇಕು. ಇದು ದಾನಧರ್ಮ ಅಲ್ಲ, ಕರ್ತವ್ಯ. "ಮಾಡಬಹುದು" ಅನ್ನೋ ಮಾತಿಗೂ "ಮಾಡತಕ್ಕದ್ದು" ಅನ್ನೋ ಮಾತಿಗೂ ಇರೋ ಅಂತರ ನೀವು ತಿಳಿದಿರಬೇಕು. ನಿಮ್ಮಲ್ಲಿ ನಾಳೆ ವಕೀಲರಾಗೋರು ಇದ್ದೀರಿ, ಬರೆದಿಟ್ಟುಕೊಳ್ಳಿ.

ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ನನಗೆ ಹಿಡಿಸಿದ ಇನ್ನೊಂದು ಮಾತಿದೆ. ಕೈಯಲ್ಲಿ ಕಾಸಿಲ್ಲದೆ ಸತ್ತ ಮಾಜಿ ಸೈನಿಕನನ್ನು ಸ್ಥಳೀಯ ಆಡಳಿತದ ಖರ್ಚಿನಲ್ಲಿ ಮಣ್ಣು ಮಾಡಬೇಕು. ಆದರೆ ಬಡವರಿಗೇ ಅಂತ ಬೇರೆ ತೆಗೆದಿಟ್ಟ ಜಾಗದಲ್ಲಿ ಮಾತ್ರ ಮಾಡಕೂಡದು. ಅಂದರೆ, ಖರ್ಚು ನಾವು ಕೊಡ್ತೀವಿ ಅನ್ನೋ ನೆಪದಲ್ಲಿ ಸತ್ತವನಿಗೆ ಅವಮಾನ ಮಾಡಬೇಡಿ ಅಂತ. ಉಚಿತ ಅಂತ ಹೇಳಿ ನಮ್ಮನ್ನು ಬೇರೆ ಸಾಲಿನಲ್ಲಿ ನಿಲ್ಲಿಸೋದನ್ನ ನೋಡಿದವರಿಗೆ ಈ ಒಂದು ವಾಕ್ಯದ ಬೆಲೆ ಗೊತ್ತಾಗ್ತದೆ.

ಹಾಗಾದರೆ ಅಮೆರಿಕದಲ್ಲಿ ಎಲ್ಲ ಸರಿ ಇತ್ತೆ? ಇಲ್ಲ. ಕಾನೂನು "ಎಲ್ಲ ಸೈನಿಕರು" ಅಂತ ಹೇಳ್ತಿತ್ತು, ನೆಲದ ಮೇಲೆ ಗೆರೆ ಎಳೆದಿತ್ತು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ 1864ರಲ್ಲಿ ಶುರುವಾಯಿತು. ಅಲ್ಲಿ ಕಪ್ಪು ಸೈನಿಕರಿಗೆ ಬೇರೆ ಭಾಗ. 27ನೇ ಭಾಗದಲ್ಲಿ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ 3,800ಕ್ಕೂ ಹೆಚ್ಚು ಜನ ಮಲಗಿದ್ದಾರೆ. ಅವರ ಕಲ್ಲಿನ ಮೇಲೆ 'ನಾಗರಿಕ' ಅನ್ನೋ ಪದ ಕೆತ್ತಿದ್ದಾರೆ. ಬದುಕಿದ್ದಾಗ ಸಂತೆಯ ಸರಕು, ಸತ್ತ ಮೇಲೆ ನಾಗರಿಕ! ಸೈನ್ಯದಲ್ಲಿ ಬಣ್ಣದ ಭೇದ ನಿಲ್ಲಬೇಕು ಅಂತ ಟ್ರೂಮನ್ ಆಜ್ಞೆ ಹೊರಡಿಸಿದ್ದು 1948ರ ಜುಲೈ 26ರಂದು. ಅಲ್ಲಿಯವರೆಗೂ ಆರ್ಲಿಂಗ್ಟನ್ನಿನ ಮಣ್ಣಿನಲ್ಲಿಯೂ ಬೇಲಿ ಇತ್ತು.

ಊರಿನ ಸ್ಮಶಾನಗಳಲ್ಲಿ ಇನ್ನೊಂದು ಬಗೆಯ ಅನ್ಯಾಯ. ಕೌಂಟಿ ಬಾವುಟ ಕೊಡೋದು ಪಟ್ಟಿಯಲ್ಲಿರೋ ಗೋರಿಗೆ. ಪಟ್ಟಿ ಆಗೋದು ಕಲ್ಲು, ಕಾಗದ, ಅರ್ಜಿ ಇದ್ದರೆ. ಕಪ್ಪು ಜನರ ಸ್ಮಶಾನಗಳಲ್ಲಿ ಕಲ್ಲು ಮಣ್ಣಿನಲ್ಲಿ ಹೂತು ಹೋಗಿತ್ತು, ಮುಳ್ಳು ಬೆಳೆದಿತ್ತು, ಮಕ್ಕಳು ಮೊಮ್ಮಕ್ಕಳು ಹೊಟ್ಟೆಪಾಡಿಗೆ ದೂರದ ನಗರ ಸೇರಿದ್ದರು. ಗುಲಾಮರಾಗಿದ್ದಾಗ ಆದ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಹೀಗಾಗಿ ಸಿಪಾಯಿಯ ಹೆಂಡತಿ ತಾನು ಹೆಂಡತಿ ಅಂತ ಸಾಕ್ಷಿ ಹುಡುಕಿ ಸಾಬೀತು ಮಾಡಬೇಕಿತ್ತು. ದಣಿಯ ಹೆಸರು ಬೇಡ ಅಂತ ಎಷ್ಟೋ ಜನ ಹೆಸರೇ ಬದಲಾಯಿಸಿಕೊಂಡಿದ್ದರು. ಇಂಥವರ ಗೋರಿಗೆ ಯಾರು ಅರ್ಜಿ ಹಾಕಬೇಕು? ಹತ್ತಿರದ ಬಂಧುವೇ ಅರ್ಜಿ ಹಾಕಬೇಕು ಅಂತ ಸ್ವಲ್ಪ ಕಾಲ ಕೇಂದ್ರದ ನಿಯಮ ಬಿಗಿಯಾಗಿತ್ತು. ನೂರೈವತ್ತು ವರ್ಷದ ಹಿಂದೆ ಸತ್ತವನ ಹತ್ತಿರದ ಬಂಧುವನ್ನು ಎಲ್ಲಿಂದ ತರೋದು? ಇದಕ್ಕೆ ಜನ ತಕರಾರು ಎತ್ತಿದರು. 2016ರಲ್ಲಿ ನಿಯಮ ತಿದ್ದಿದರು: 1917ರ ಏಪ್ರಿಲ್ 6ಕ್ಕಿಂತ ಮುಂಚೆ ಸೇವೆ ಮುಗಿಸಿದ ಸೈನಿಕನ ಕಲ್ಲಿಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಹಾಳುಬಿದ್ದ ಕಪ್ಪು ಜನರ ಸ್ಮಶಾನಗಳನ್ನು ಉಳಿಸೋದಕ್ಕೆ ಅಂತಲೇ ಕೇಂದ್ರದ ಕಾನೂನು ಬಂದದ್ದು 2022ರ ಡಿಸೆಂಬರ್‌ನಲ್ಲಿ. ಯುದ್ಧ ಮುಗಿದು 157 ವರ್ಷ ಆಗಿತ್ತು.

ಇನ್ನೊಂದು ಕತೆ ಹೇಳಬೇಕು, ಇದು ನಿಮ್ಮಂಥ ಮಕ್ಕಳ ಕತೆ. ದಕ್ಷಿಣದ ಚಾರ್ಲ್ಸ್‌ಟನ್ ನಗರದಲ್ಲಿ ಶ್ರೀಮಂತರ ಕುದುರೆ ಜೂಜಿನ ಮೈದಾನವನ್ನು ಯುದ್ಧಕಾಲದಲ್ಲಿ ಜೈಲು ಮಾಡಿದ್ದರು. ಅಲ್ಲಿ 257 ಒಕ್ಕೂಟದ ಸೈನಿಕರು ಸತ್ತು, ಅವರನ್ನು ಹೆಸರಿಲ್ಲದೆ ಹೂತಿದ್ದರು. ಯುದ್ಧ ಮುಗಿಯುತ್ತಲೆ, ಆಗ ತಾನೆ ಬಿಡುಗಡೆಯಾದ ಕಪ್ಪು ಜನ ಆ ಹೆಣಗಳನ್ನು ಒಂದೊಂದಾಗಿ ಮತ್ತೆ ಮಣ್ಣು ಮಾಡಿ, ಸುತ್ತ ಬೇಲಿ ಕಟ್ಟಿ ಸುಣ್ಣ ಬಳಿದರು. 1865ರ ಮೇ 1ರಂದು ಸುಮಾರು 10,000 ಜನ ಅಲ್ಲಿ ಮೆರವಣಿಗೆ ಬಂದರು. ಮುಂದೆ ನಡೆದವರು ಹೊಸ ಶಾಲೆಗಳ ಸುಮಾರು 3,000 ಕಪ್ಪು ಮಕ್ಕಳು, ಕೈಯಲ್ಲಿ ಗುಲಾಬಿ ಹೂ ಹಿಡಿದು. ಅಮೆರಿಕದ ಸೈನಿಕ ಸ್ಮಾರಕ ದಿನದ ಮೊದಲ ಆಚರಣೆಗಳಲ್ಲಿ ಇದೂ ಒಂದು. ಆದರೆ 1868ರಲ್ಲಿ ಒಬ್ಬ ಜನರಲ್ ಹೊರಡಿಸಿದ ಆಜ್ಞೆ ಎಲ್ಲರಿಗೂ ನೆನಪಿದೆ, ಈ ಮಕ್ಕಳ ಮೆರವಣಿಗೆ ಮರೆತೇ ಹೋಯಿತು. ಡೇವಿಡ್ ಬ್ಲೈಟ್ ಅನ್ನೋ ಇತಿಹಾಸಕಾರ ಹಳೆಯ ಕಾಗದಪತ್ರಗಳಲ್ಲಿ ಇದನ್ನು ಹುಡುಕಿ ಹೊರಗೆ ತಂದ. ಆ ಮೈದಾನಕ್ಕೆ ಏನಾಯಿತು ಅಂತೀರಾ? ಅದು ಉದ್ಯಾನವಾಗಿ, ಗುಲಾಮಗಿರಿಯ ಪರ ಹೋರಾಡಿದ ಜನರಲ್ ಒಬ್ಬನ ಹೆಸರು ಪಡೆಯಿತು. ಹೆಸರು ಬರೆಯೋ ಕೈ ಯಾರದೋ, ನೆನಪೂ ಅವರದೇ.

ಈಗ ನಮ್ಮ ದೇಶಕ್ಕೆ ಬರೋಣ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಬ್ರಿಟಿಷರು ಯುದ್ಧದ ಗೋರಿಗಳಿಗೆ ಒಂದು ಆಯೋಗ ಮಾಡಿದರು. ದರ್ಜೆ, ಜನಾಂಗ, ಧರ್ಮ ನೋಡದೆ ಎಲ್ಲರಿಗೂ ಸಮಾನ ಸ್ಮಾರಕ ಅನ್ನೋದು ಅದರ ತತ್ವ. ತತ್ವ ಕೇಳೋದಕ್ಕೆ ಚೆನ್ನಾಗಿತ್ತು. ಬಾಸ್ರಾದ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಯ ಹೆಸರು ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಹೆಸರಿಲ್ಲ, ಇಂತಿಷ್ಟು ಜನ ಅನ್ನೋ ಲೆಕ್ಕ ಮಾತ್ರ. 2021ರಲ್ಲಿ ಆ ಆಯೋಗವೇ ತನ್ನ ತಪ್ಪು ಒಪ್ಪಿಕೊಂಡು ವರದಿ ಕೊಟ್ಟಿತು: ಏಷ್ಯಾ, ಆಫ್ರಿಕಾ ಕಡೆಯ 45,000ದಿಂದ 54,000 ಜನರನ್ನು ಅಸಮಾನವಾಗಿ ನೆನೆಯಲಾಗಿದೆ, ಕನಿಷ್ಠ 1,16,000, ಬಹುಶಃ 3,50,000ದವರೆಗೂ ಜನರಿಗೆ ಹೆಸರಿನ ಗುರುತೇ ಇಲ್ಲ, ಅಥವಾ ಯಾವ ಸ್ಮಾರಕವೂ ಇಲ್ಲ.

ಹೆಸರು ಕೆತ್ತಿದರೆ ಏನಾಗ್ತದೆ ಅನ್ನೋದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ಭೀಮಾ ಕೋರೆಗಾಂವ್ ಕಂಬ. 1818ರ ಜನವರಿ 1ರ ಕದನದಲ್ಲಿ ಸತ್ತವರ ಹೆಸರು ಆ ಕಲ್ಲಿನ ಮೇಲೆ ಇವೆ, 'ನಾಕ' ಅಂತ ಮುಗಿಯೋ ಮಹಾರ್ ಹೆಸರುಗಳೂ ಇವೆ. ಕಂಬ ನೆಟ್ಟಿದ್ದು ಕಂಪನಿ ಸರ್ಕಾರ, ತನ್ನ ಕೀರ್ತಿಗಾಗಿ. ಅದು ನಮ್ಮ ಮೇಲಿನ ಪ್ರೀತಿಗಲ್ಲ. ಆದರೂ ಹೆಸರು ಇತ್ತಲ್ಲ! 109 ವರ್ಷದ ಮೇಲೆ, 1927ರ ಜನವರಿ 1ರಂದು, ಬಾಬಾಸಾಹೇಬರು ಆ ಕಲ್ಲಿನ ಮುಂದೆ ನಿಂತಾಗ ಅದು ಕಂಪನಿಯ ಕಲ್ಲಾಗಿ ಉಳಿಯಲಿಲ್ಲ, ನಮ್ಮ ಕಲ್ಲಾಯಿತು. 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ತಗೊಳ್ಳೋದು ನಿಲ್ಲಿಸಿದಾಗ, ನಿವೃತ್ತ ಸಿಪಾಯಿ ಗೋಪಾಲ ಬಾಬಾ ವಲಂಗಕರ್ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಬರೆದರು. 'ನಮ್ಮವರು ದುಡಿದಿದ್ದಾರೆ' ಅನ್ನೋದಕ್ಕೆ ಆಧಾರ ಬೇಕಲ್ಲ, ಅದು ಹೆಸರಿನಲ್ಲಿತ್ತು. ಕೊನೆಗೆ 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು. ಎಲ್ಲಿ ಗೊತ್ತೆ? ನಮ್ಮ ಬೆಳಗಾವಿಯಲ್ಲಿ.

ನಮ್ಮ ನಾಡಿಗೆ ಈ ಪದ್ಧತಿ ಹೊಸದೂ ಅಲ್ಲ. ಊರ ದನ ಬಿಡಿಸೋದಕ್ಕೆ ಹೋಗಿ ಸತ್ತವನಿಗೆ ವೀರಗಲ್ಲು ನೆಟ್ಟರು, ಅವನ ಮನೆಯವರಿಗೆ ನೆತ್ತರುಗೊಡಗೆ ಅಂತ ಹೊಲ ಬಿಟ್ಟರು. ಸತ್ತವನ ಋಣ ಊರಿನ ಮೇಲಿದೆ ಅನ್ನೋ ತಿಳಿವಳಿಕೆ ಆಗಲೇ ಇತ್ತು. ಆ ಊರಿನ ಲೆಕ್ಕದಲ್ಲಿ ಕೇರಿ ಸೇರಿತ್ತೆ ಅನ್ನೋದೇ ನಮ್ಮ ಪ್ರಶ್ನೆ.

ಈಗ ಕಾನೂನು ಏನು ಹೇಳ್ತದೆ? ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 10ನೇ ಬಾಬು: ಹೂಳುವುದು, ಸುಡುವುದು, ಸ್ಮಶಾನ. ಅಂದರೆ ಇದು ರಾಜ್ಯ ಸರ್ಕಾರದ ಹೊಣೆ. ಹನ್ನೆರಡನೇ ಅನುಸೂಚಿ ಇದನ್ನು ಪಟ್ಟಣದ ಸ್ಥಳೀಯ ಸಂಸ್ಥೆಗಳ ಕೆಲಸಗಳಲ್ಲಿ 14ನೆಯದಾಗಿ ಎಣಿಸಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸೋದಕ್ಕೆ ದಾರಿ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ, ಸ್ಮಶಾನವನ್ನು ಬೇರೆಯವರಂತೆ ಸಮನಾಗಿ ಬಳಸದ ಹಾಗೆ ನಮ್ಮನ್ನು ತಡೆಯೋದು ಅಪರಾಧ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಕಾನೂನಿನ ಕಲ್ಲು ನೆಟ್ಟಾಗಿದೆ. ಅದರ ಮೇಲೆ ನಮ್ಮ ಊರಿನ ಹೆಸರು ಕೆತ್ತಬೇಕಾದವರು ನಾವು.

ಒಂದು ಅನುಮಾನ ನಿಮಗೆ ಬಂದಿರಬಹುದು, ನನಗೂ ಬಂದಿದೆ. ಬಂದೂಕು ಹಿಡಿದು ಸತ್ತವನಿಗೆ ಮಾತ್ರ ಯಾಕೆ ಕಲ್ಲು? ಮ್ಯಾನ್‌ಹೋಲಿಗೆ ಇಳಿದು ಉಸಿರುಕಟ್ಟಿ ಸತ್ತವನು ಯಾರಿಗಾಗಿ ಸತ್ತ? ನಗರಕ್ಕಾಗಿ ತಾನೆ? 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಚರಂಡಿಯಲ್ಲಿ ಸತ್ತ ಎಲ್ಲರ ಮನೆಯವರನ್ನು ಗುರುತಿಸಿ 10 ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಇಲ್ಲಿಯೂ ಮೊದಲ ಮಾತು 'ಗುರುತಿಸಿ' ಅಂತ. ಪಟ್ಟಿ ಮಾಡಿ ಅಂತ. ಪಟ್ಟಿ ಸೇರದ ಸಾವಿಗೆ ಪರಿಹಾರವೂ ಇಲ್ಲ, ಬಾವುಟವೂ ಇಲ್ಲ. ಪೆನ್ಸಿಲ್ವೇನಿಯದ ಮುಳ್ಳುಪೊದೆಯಲ್ಲಿ ಹೂತುಹೋದ ಕಲ್ಲಿಗೂ ನಮ್ಮ ಚರಂಡಿಯಲ್ಲಿ ಹೋದ ಜೀವಕ್ಕೂ ಕಾಯಿಲೆ ಒಂದೇ.

ಆದ್ದರಿಂದ ತಮ್ಮಾ, ನೀನು ಕೇಳಿದೆಯಲ್ಲ, ಸತ್ತವರ ಕಲ್ಲು ನಮಗ್ಯಾಕೆ ಅಂತ. ಸ್ಕಾಲರ್‌ಶಿಪ್ ಪಟ್ಟಿಯಲ್ಲಿ ನಿನ್ನ ಹೆಸರು ಬಿಟ್ಟುಹೋಗೋದಕ್ಕೂ, ಪಹಣಿಯಲ್ಲಿ ನಿಮ್ಮ ಕೇರಿಯ ಸುಡುಗಾಡು ಬಿಟ್ಟುಹೋಗೋದಕ್ಕೂ ಕಾರಣ ಒಂದೇ: ಪಟ್ಟಿ ಬರೆಯೋ ಹೊತ್ತಿನಲ್ಲಿ ನಾವು ಅಲ್ಲಿರಲಿಲ್ಲ. ಸತ್ತವರ ಬಾಬ್ತು ಕರ್ತವ್ಯ ಮಾಡದ ಕಚೇರಿ ಬದುಕಿರೋರ ಬಾಬ್ತು ಮಾಡ್ತದೆ ಅಂತ ನಂಬಬೇಡ.

ಬರೋ ರಜೆಯಲ್ಲಿ ಊರಿಗೆ ಹೋದಾಗ ನೀವು ಮಾಡಬೇಕಾದ ಕೆಲಸ ಹೇಳ್ತೀನಿ. ನಿಮ್ಮ ಕೇರಿಯವರು ಮಣ್ಣು ಮಾಡೋ ಜಾಗ ಯಾವ ಸರ್ವೆ ನಂಬರು, ಪಹಣಿಯಲ್ಲಿ ಯಾರ ಹೆಸರಿದೆ, ಹೆಣ ಹೊರೋ ದಾರಿ ನಕ್ಷೆಯಲ್ಲಿ ಇದೆಯೋ ಇಲ್ಲವೋ ನೋಡಿ. ಕೇರಿಯಿಂದ ಮಿಲಿಟರಿಗೆ ಹೋದವರು ಯಾರು, ಯಾವ ರೆಜಿಮೆಂಟು, ಎಲ್ಲಿ ಮಣ್ಣು ಮಾಡಿದ್ದಾರೆ ಅಂತ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಪುಸ್ತಕ ಇದ್ದರೆ ನಕಲು ತೆಗೆದಿಡಿ. ಚರಂಡಿಯಲ್ಲಿ, ಜೀತದಲ್ಲಿ ಸತ್ತವರಿದ್ದರೆ ಅದನ್ನೂ ಬರೆಯಿರಿ. ಆ ಪಟ್ಟಿ ಹಿಡಿದು ಪಂಚಾಯತಿಗೆ, ತಹಸೀಲ್ದಾರರಿಗೆ, ಮಾಜಿ ಸೈನಿಕರಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಅರ್ಜಿ ಕೊಡಿ. ಬಾಯಿಮಾತು ಬೇಡ, ಬರಹದಲ್ಲಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ಚಾರ್ಲ್ಸ್‌ಟನ್‌ನ ಆ ಮಕ್ಕಳ ಕೈಯಲ್ಲಿ ಹೂವಿತ್ತು. ನಿಮ್ಮ ಕೈಯಲ್ಲಿ ಪೆನ್ನಿದೆ. ಮುಂದಿನ ಶಿಬಿರಕ್ಕೆ ಬರೋವಾಗ ಒಬ್ಬೊಬ್ಬರೂ ನಿಮ್ಮ ಊರಿನ ಪಟ್ಟಿ ತನ್ನಿ. ಭಾಷಣ ಆಗ ನನ್ನದಲ್ಲ, ನಿಮ್ಮದು.

ಜೈ ಭೀಮ್.